ಕಾರಿನ ಟೇಪ್ ಸುಮ್ಮನಾದರೆ ಮೊದಲು ತಂತಿ ನೋಡಿ

ಕಳೆದ ಬೇಸಿಗೆಯಲ್ಲಿ ರಾಯಚೂರಿನಿಂದ ಸಿಂಧನೂರಿಗೆ ವಾಪಸ್ ಬರುತ್ತಿದ್ದೆವು. ಮಾನ್ವಿ ದಾಟಿದ ಮೇಲೆ ಒಂದು ಹಂಪ್ ಬಂತು. ಕಾರು ಎದ್ದು ಬಿತ್ತು, ಹಾಡು ನಿಂತಿತು. ಐದಾರು ಕಿಲೋಮೀಟರ್ ಸುಮ್ಮನೆ ಬಂದೆವು. ಇನ್ನೊಂದು ಹಂಪ್ ಬಂತು, ಹಾಡು ತಾನಾಗಿಯೇ ಶುರುವಾಯಿತು. ಹಿಂದೆ ಕೂತಿದ್ದ ಸೋದರಮಾವ, "ಟೇಪ್ ಹೋತು ಬಿಡಪಾ, ಹೊಸಾದು ಹಾಕ್ಸಿಬಿಡು" ಅಂದರು. ಒಳಗೆ ಕ್ಯಾಸೆಟ್ ಇಲ್ಲದಿದ್ದರೂ ನಮ್ಮ ಮನೆಯಲ್ಲಿ ಈಗಲೂ ಅದು ಟೇಪೇ.

ಆದರೆ ಸ್ವಲ್ಪ ಯೋಚಿಸಿ. ಕೆಟ್ಟ ಟೇಪ್ ಹಂಪ್ ದಾಟಿದರೆ ರಿಪೇರಿ ಆಗುತ್ತಾ? ಎಲ್ಲೋ ಒಂದು ಜೋಡಣೆ ಸಡಿಲಾಗಿದೆ, ಅಲುಗಿದಾಗ ಬಿಡುತ್ತದೆ, ಮತ್ತೆ ಅಲುಗಿದಾಗ ಕೂಡುತ್ತದೆ ಅಂತ ಆ ಹಂಪ್ ಹೇಳುತ್ತಿತ್ತು. ಮನೆಗೆ ಬಂದು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ನೋಡಿದೆ. ಟೇಪಿನ ಕಪ್ಪು ತಂತಿಯನ್ನು ಕಾರಿನ ಕಬ್ಬಿಣದ ಮೈಗೆ, ಅಂದರೆ ಬಾಡಿಗೆ, ಕೂಡಿಸಿದ್ದ ಸ್ಕ್ರೂ ಅರ್ಧ ಬಿಚ್ಚಿಕೊಂಡಿತ್ತು. ಅದರ ಕೆಳಗಿನ ಪೇಂಟನ್ನೂ ಯಾರೂ ಕೆರೆದಿರಲಿಲ್ಲ. ಪೇಂಟ್ ಕೆರೆದು ಸ್ಕ್ರೂ ಬಿಗಿ ಮಾಡಿದೆ, ಸರಿಯಾಯಿತು. ಇದಕ್ಕೂ ಮೊದಲು ಇದೇ ತೊಂದರೆಗೆ ಒಂದು ಅಂಗಡಿಯಲ್ಲಿ ಎರಡು ಹೊಸ ಸ್ಪೀಕರ್ ಹಾಕಿಸಿಕೊಂಡು ದುಡ್ಡು ಕೊಟ್ಟು ಬಂದಿದ್ದೆ. ಸ್ಪೀಕರ್‌ನಲ್ಲಿ ತೊಂದರೆ ಇರಲೇ ಇಲ್ಲ. ಈ ಲೇಖನ ಬರೆಯಲು ಕಾರಣ ಅದೇ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಕೊನೇ ಭಾಗದ ಗದ್ದೆಗೆ ನೀರು ಬರಲಿಲ್ಲ ಅಂದರೆ ಯಾರೂ ಗದ್ದೆಯನ್ನು ಅಗೆದು ನೋಡುವುದಿಲ್ಲ. ಕಾಲುವೆ ಗುಂಟ ಮೇಲಕ್ಕೆ ನಡೆಯುತ್ತಾರೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಅಂತ ನೋಡುತ್ತಾರೆ. ಆ ಎರಡರ ನಡುವೆಯೇ ತೊಂದರೆ ಇರುತ್ತದೆ. ಕಾರಿನ ಹಾಡಿಗೂ ಹೀಗೆ ಒಂದು ದಾರಿ ಇದೆ. ಬ್ಯಾಟರಿ, ಅಲ್ಲಿಂದ ಫ್ಯೂಸ್, ಕೀ, ಟೇಪು, ಟೇಪಿನಿಂದ ಸ್ಪೀಕರ್ ತಂತಿ, ಕೊನೆಗೆ ಸ್ಪೀಕರ್. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಗದ್ದೆಗೆ ಹೋದ ನೀರು ವಾಪಸ್ ಬರಬೇಕಿಲ್ಲ, ಕರೆಂಟ್ ಮಾತ್ರ ವಾಪಸ್ ಬರಲೇಬೇಕು. ಹೋಗುವ ದಾರಿ ಎಷ್ಟು ಮುಖ್ಯವೋ ವಾಪಸ್ ಬರುವ ದಾರಿಯೂ ಅಷ್ಟೇ ಮುಖ್ಯ. ಆ ವಾಪಸ್ ದಾರಿಯನ್ನೇ ನಾವು ಅರ್ಥ್ ಅನ್ನುತ್ತೇವೆ. ನಾನು ನೋಡಿದ ಕಾರುಗಳಲ್ಲಿ ಜಾಸ್ತಿ ತೊಂದರೆ ಕೊಟ್ಟಿದ್ದು ಈ ಅರ್ಥೇ.

ಏನನ್ನಾದರೂ ಬಿಚ್ಚುವ ಮೊದಲು ಒಂದು ನಿಮಿಷ ಸೆಟ್ಟಿಂಗ್ ನೋಡಿ. ಮ್ಯೂಟ್ ಆಗಿದೆಯಾ? ಬ್ಯಾಲೆನ್ಸ್ (ಎಡ-ಬಲದ ಸದ್ದು) ಒಂದೇ ಕಡೆಗೆ, ಫೇಡರ್ (ಮುಂದಿನ-ಹಿಂದಿನ ಸದ್ದು) ಹಿಂದಕ್ಕೆ ತಿರುಗಿದೆಯಾ? ಮಕ್ಕಳು ಮುಂದೆ ಕೂತರೆ ಇದು ಸಹಜ. ಬ್ಲೂಟೂತ್‌ನಲ್ಲಾದರೆ ಫೋನಿನ ವಾಲ್ಯೂಮ್ ಬೇರೆ, ಟೇಪಿನ ವಾಲ್ಯೂಮ್ ಬೇರೆ. ಎರಡನ್ನೂ ಏರಿಸಿ ನೋಡಿ.

ಬೇಕಾಗುವ ಸಾಮಾನು ಕಡಿಮೆ. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಡಿಜಿಟಲ್ ಮಲ್ಟಿಮೀಟರ್. ಎರಡು ತಂತಿ ಬೆಸುಗೆ ಹಾಕಿದ 12 ವೋಲ್ಟಿನ ಇಂಡಿಕೇಟರ್ ಬಲ್ಬ್. ಒಂದು ಗಡಿಯಾರದ ಸೆಲ್. ಸ್ಕ್ರೂಡ್ರೈವರ್, 10 ನಂಬರಿನ ಸ್ಪ್ಯಾನರ್. ಪ್ಲಾಸ್ಟಿಕ್ ಪ್ಯಾನೆಲ್ ಎಬ್ಬಿಸಲು ಹಳೇ ಎಟಿಎಂ ಕಾರ್ಡ್ ಒಳ್ಳೇದು, ಸ್ಕ್ರೂಡ್ರೈವರ್ ಹಾಕಿದರೆ ಗೀರು ಬೀಳುತ್ತದೆ.

ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ತೆಗೆದು ಕೆಲವು ನಿಮಿಷ ಕಾಯಿರಿ. ಕಾಯುವುದು ಏರ್‌ಬ್ಯಾಗ್ ಸಲುವಾಗಿ. ಸ್ಟಿಯರಿಂಗ್ ಕೆಳಗೆ, ಡ್ಯಾಶ್‌ಬೋರ್ಡ್ ಒಳಗೆ ಹಳದಿ ಪ್ಲಗ್ ಅಥವಾ ಹಳದಿ ಕೊಳವೆಯೊಳಗೆ ಹೋಗುವ ತಂತಿ ಕಂಡರೆ ಅದು ಹೆಚ್ಚಾಗಿ ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಮುಟ್ಟಿಸಬೇಡಿ, ಬಲ್ಬ್ ಅಂತೂ ಬೇಡವೇ ಬೇಡ. ಇನ್ನೊಂದು ಮಾತು. ಕೆಲವು ಕಂಪನಿ ಟೇಪುಗಳು ಬ್ಯಾಟರಿ ತೆಗೆದು ಹಾಕಿದ ಮೇಲೆ ಕೋಡ್ ಕೇಳುತ್ತವೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಕೋಡಿನ ಕಾರ್ಡ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಬಿಚ್ಚಿದ ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಆಮೇಲೆ ಅಳೆಯಲು ಮೈನಸ್ ಮತ್ತೆ ಹಾಕಿದರಾಯಿತು.

ಈಗ ಟೇಪಿನ ಹಿಂದೆ ಬನ್ನಿ. ಅಂಗಡಿಯಲ್ಲಿ ಕೊಂಡು ಹಾಕಿಸಿದ ಟೇಪಾದರೆ ತಂತಿಗಳ ಬಣ್ಣ ಬಹುತೇಕ ಒಂದೇ ರೀತಿ ಇರುತ್ತದೆ. ಕಾರಿನ ಕಂಪನಿಯವರೇ ಕೊಟ್ಟದ್ದಾದರೆ ಬಣ್ಣ ಬೇರೆ ಇರಬಹುದು, ಆಗ ಟೇಪಿನ ಮೇಲಿನ ಚೀಟಿ ನೋಡಿ. ಮೂರು ತಂತಿ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು. ಹಳದಿಯಲ್ಲಿ ಯಾವಾಗಲೂ 12 ವೋಲ್ಟ್ ಇರಬೇಕು, ಕೀ ಇರಲಿ ಬಿಡಲಿ. ಗಡಿಯಾರ, ಸ್ಟೇಷನ್, ಸೆಟ್ಟಿಂಗ್ ನೆನಪಿಡುವುದು ಇದರ ಬಲದಲ್ಲಿ. ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಇದು ಟೇಪಿಗೆ "ಏಳು" ಅನ್ನುವ ಸಂಜ್ಞೆ. ಕಪ್ಪು ತಂತಿ ಅರ್ಥ್.

ಇದರಿಂದಲೇ ಎಷ್ಟೋ ತೊಂದರೆಗಳನ್ನು ಕೂತಲ್ಲೇ ಹೇಳಬಹುದು. ಟೇಪ್ ಚೆನ್ನಾಗಿ ಹಾಡುತ್ತದೆ, ಆದರೆ ಕಾರು ಬಂದ್ ಮಾಡಿದ ಪ್ರತಿ ಸಲ ಗಡಿಯಾರ, ಸ್ಟೇಷನ್ ಎಲ್ಲ ಮರೆಯುತ್ತದೆ ಅಂದರೆ ಹಳದಿಗೂ ಕೆಂಪಿಗೂ ಅದಲುಬದಲಾಗಿದೆ, ಇಲ್ಲವೇ ಹಳದಿಯೂ ಕೀ ದಾರಿಯಲ್ಲೇ ಕೂತಿದೆ. ಕೆಲವು ಕಂಪನಿಗಳ ಕಾರುಗಳಲ್ಲಿ ಈ ಎರಡು ಪಿನ್‌ಗಳ ಜಾಗವೇ ತಿರುಗಿರುತ್ತದೆ, ಹಾಗಾಗಿ ಹೊಸ ಟೇಪ್ ಕೂಡಿಸಿದ ಕೂಡಲೇ ಈ ರೋಗ ಶುರುವಾಗುತ್ತದೆ. ಸೆಲ್ಫ್ ಹೊಡೆಯುವಾಗ ಒಂದು ಕ್ಷಣ ಟೇಪ್ ಆಫ್ ಆಗುವುದು ರೋಗವಲ್ಲ, ಆಗ ಕೆಂಪಿನ ಕರೆಂಟನ್ನು ಕಾರೇ ಕಡಿಯುತ್ತದೆ. ಆದರೆ ಸೆಲ್ಫ್ ಹೊಡೆದಾಗಲೆಲ್ಲ ಗಡಿಯಾರ ಸೊನ್ನೆಗೆ ಬಂದರೆ ಬ್ಯಾಟರಿ ಸೋತಿರಬಹುದು. ಕಾರು ಸುಮ್ಮನೆ ನಿಂತಾಗ ಒಳ್ಳೆ ಬ್ಯಾಟರಿ 12.4 ರಿಂದ 12.7 ವೋಲ್ಟ್ ತೋರಿಸುತ್ತದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8 ರಿಂದ 14.4.

ಕೀ ಇಲ್ಲದೆಯೂ ಹಾಡು ಕೇಳಬೇಕು ಅಂತ ಹಳದಿ, ಕೆಂಪು ಎರಡನ್ನೂ ಸೇರಿಸಿ ತಿರುಚಿಬಿಡುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಲೆಕ್ಕ ನೋಡಿ. ಟೇಪ್ ಎಚ್ಚರವಾಗೇ ಇದ್ದು ಬರೀ ಕಾಲು ಆಂಪಿಯರ್ ಎಳೆದರೂ 4 ದಿನಕ್ಕೆ 24 ಆಂಪಿಯರ್-ಅವರ್ ಹೋಗುತ್ತದೆ. ಸಣ್ಣ ಕಾರಿನ ಬ್ಯಾಟರಿ ಒಟ್ಟು 35ರ ಆಸುಪಾಸು. ಮದುವೆಗೆ ಅಂತ ಊರು ಬಿಟ್ಟು ನಾಲ್ಕು ದಿನ ಬಿಟ್ಟು ಬಂದರೆ ಕಾರು ತಳ್ಳಬೇಕಾಗುತ್ತದೆ, ತಪ್ಪು ಮಾತ್ರ ಬ್ಯಾಟರಿ ಮೇಲೆ ಬರುತ್ತದೆ. ಎಲ್ಲ ಬಂದ್ ಮಾಡಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇಡೀ ಕಾರು ಎಳೆಯುವ ಕರೆಂಟ್ ಸಾಮಾನ್ಯವಾಗಿ 0.05 ಆಂಪಿಯರ್ ಒಳಗೆ ಇರಬೇಕು. ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಕಡೆಗೆ ಇಟ್ಟು, ನಡುವೆ ಕೂಡಿಸಿ ಅಳೆಯಬಹುದು. ಹಾಗೆ ಕೂಡಿಸಿರುವಾಗ ಸೆಲ್ಫ್ ಹೊಡೆಯಲೇಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ, ಅಗ್ಗದ ಮೀಟರ್ ಆದರೆ ಮೀಟರೇ ಸುಟ್ಟುಹೋಗಬಹುದು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಮೀಟರ್ 12 ವೋಲ್ಟ್ ತೋರಿಸಿದರೆ ಎಲ್ಲ ಸರಿ ಇದೆ ಅಂತ ನಂಬಬೇಡಿ. ಹತ್ತು ಎಳೆಯ ತಂತಿಯಲ್ಲಿ ಒಂಬತ್ತು ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ. ಮೀಟರ್ ತಾನು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮತ್ತೆ ಕಾಲುವೆಗೆ ಬನ್ನಿ. ತೂಬು ಮುಚ್ಚಿರುವಾಗ ನಿಂತ ನೀರಿನ ಮಟ್ಟ ಚೆನ್ನಾಗೇ ಕಾಣುತ್ತದೆ. ತೂಬು ಎತ್ತಿ ನೀರು ಹರಿಯಲು ಶುರುವಾದಾಗ ಹೂಳು ಎಲ್ಲಿ ತುಂಬಿದೆ ಅಂತ ಗೊತ್ತಾಗುತ್ತದೆ. ಅದಕ್ಕೇ ಆ ಇಂಡಿಕೇಟರ್ ಬಲ್ಬ್ ಬೇಕು. 21 ವಾಟಿನ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಟೇಪಿನ ಪ್ಲಗ್ ಕಳಚಿ, ಕಾರಿನ ಕಡೆಯ ಹಳದಿಗೂ ಕಪ್ಪಿಗೂ ನಡುವೆ ಬಲ್ಬ್ ಹಿಡಿಯಿರಿ. ನೇರ ಬ್ಯಾಟರಿಗೆ ಕೂಡಿಸಿದಾಗ ಉರಿಯುವಷ್ಟೇ ಪ್ರಖರವಾಗಿ ಉರಿದರೆ ದಾರಿ ಚೆನ್ನಾಗಿದೆ. ಮಂಕಾಗಿ ಉರಿದರೆ ಎಲ್ಲೋ ಹೂಳು ತುಂಬಿದೆ.

ಹಳದಿಯಲ್ಲೋ ಕಪ್ಪಿನಲ್ಲೋ ಅಂತ ತಿಳಿಯುವುದೂ ಸುಲಭ. ಬಲ್ಬಿನ ಒಂದು ತುದಿ ಹಳದಿಯಲ್ಲೇ ಇರಲಿ, ಇನ್ನೊಂದನ್ನು ಕಪ್ಪಿನಿಂದ ತೆಗೆದು ಬೇರೆ ಉದ್ದ ತಂತಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ಮುಟ್ಟಿಸಿ. ಬೆಳಕು ಜಾಸ್ತಿಯಾದರೆ ತೊಂದರೆ ಅರ್ಥಿನಲ್ಲಿದೆ. ಟೇಪ್ ಹಾಡುತ್ತಿರುವಾಗ ಅಳೆಯುವ ಇನ್ನೊಂದು ದಾರಿಯೂ ಇದೆ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಟೇಪಿನ ಕಪ್ಪು ತಂತಿಗೆ. ವಾಲ್ಯೂಮ್ ಏರಿಸಿ. 0.1, 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥ್ ಸರಿಯಿಲ್ಲ. ನನ್ನ ಕಾರಿನಲ್ಲಿ ಬೇಸ್ ಬಂದಾಗಲೆಲ್ಲ ಅದು ಏರುತ್ತಿತ್ತು, ಡಿಸ್‌ಪ್ಲೇ ಬೆಳಕೂ ಜೊತೆಗೇ ಮಿಣುಕುತ್ತಿತ್ತು. ಒಂದು ಎಚ್ಚರಿಕೆ: ಈ ಬಲ್ಬನ್ನು ಟೇಪಿನಿಂದ ಆಂಟೆನಾ ಕಡೆಗೆ ಹೊರಬರುವ ನೀಲಿ ತಂತಿಗೆ ಕೂಡಿಸಬೇಡಿ. ಅಷ್ಟು ಭಾರ ಅದು ತಡೆಯುವುದಿಲ್ಲ.

ಫ್ಯೂಸಿನ ಮಾತು ಬೇಗ ಮುಗಿಸುತ್ತೇನೆ. ಫ್ಯೂಸ್ ಎರಡು ಕಡೆ ಇರುತ್ತದೆ, ಕಾರಿನ ಫ್ಯೂಸ್ ಬಾಕ್ಸಿನಲ್ಲಿ ಒಂದು, ಟೇಪಿನ ಬೆನ್ನಿಗೇ ಒಂದು. ಎರಡನ್ನೂ ನೋಡಿ. ಕೆಂಪು ಬಣ್ಣದ್ದು 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಅದೂ ಸುಟ್ಟರೆ ದೊಡ್ಡದು ಹಾಕುವುದಲ್ಲ, ತಂತಿ ಎಲ್ಲಿ ಶಾರ್ಟ್ ಆಗಿದೆ ಅಂತ ಹುಡುಕಬೇಕು. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿದ ಫ್ಯೂಸನ್ನು ನಾನು ಕೈಯಾರೆ ತೆಗೆದಿದ್ದೇನೆ. ಅಂಥ ಕಾರಿನಲ್ಲಿ ಮುಂದೆ ಸುಡುವುದು ತಂತಿ, ಆಮೇಲೆ ಸೀಟು.

ಟೇಪ್ ಹತ್ತುತ್ತದೆ, ಒಂದು ಕಡೆ ಮಾತ್ರ ಸದ್ದಿಲ್ಲ ಅಂದರೆ ದಾರಿಯ ಮೇಲಿನ ಭಾಗ ಚೆನ್ನಾಗಿದೆ, ಕೆಳಗೆ ಇಳಿಯಿರಿ. ಸ್ಪೀಕರಿಗೆ ಎರಡೆರಡು ತಂತಿ. ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಟೇಪಿನ ಪ್ಲಗ್ ಪೂರ್ತಿ ಕಳಚಿ. ಸುಮ್ಮನಿರುವ ಸ್ಪೀಕರಿನ ತಂತಿಗಳಿಗೆ, ಅದೂ ಟೇಪಿನ ಕಡೆಯಿಂದಲೇ, ಗಡಿಯಾರದ ಸೆಲ್ಲನ್ನು ಒಂದೇ ಕ್ಷಣ ಮುಟ್ಟಿಸಿ. "ಟಪ್" ಅಂತ ಸದ್ದು ಬಂದರೆ ತಂತಿಯೂ ಸ್ಪೀಕರೂ ಬದುಕಿವೆ, ಟೇಪಿನ ಕಡೆ ಅನುಮಾನ ಪಡಿ. ಬರದಿದ್ದರೆ ಬಾಗಿಲಿನ ಪ್ಯಾನೆಲ್ ತೆಗೆದು ಸ್ಪೀಕರಿಗೇ ನೇರವಾಗಿ ಮುಟ್ಟಿಸಿ. ಅಲ್ಲಿ ಸದ್ದು ಬಂದರೆ ನಡುವಿನ ತಂತಿ ತುಂಡಾಗಿದೆ.

ಆ ತಂತಿ ತುಂಡಾಗುವ ಜಾಗ ಹೆಚ್ಚಾಗಿ ಒಂದೇ. ಬಾಗಿಲು ಮತ್ತು ಕಾರಿನ ಕಂಬದ ನಡುವೆ ಒಂದು ರಬ್ಬರ್ ಕೊಳವೆ ಇದೆಯಲ್ಲ, ಅದರೊಳಗೆ. ಬಾಗಿಲು ತೆಗೆದಾಗಲೆಲ್ಲ ತಂತಿ ಅಲ್ಲೇ ಬಗ್ಗುತ್ತದೆ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಹೊರಗಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ತಾಮ್ರ ಮಾತ್ರ ತುಂಡಾಗುತ್ತದೆ. ಬಾಗಿಲು ಅರ್ಧ ತೆಗೆದಾಗ ಹಾಡಿ, ಹಾಕಿದಾಗ ನಿಂತರೆ ಬೇರೆಲ್ಲೂ ಹುಡುಕಬೇಡಿ.

ಸ್ಪೀಕರನ್ನು ಮೀಟರಿನ ಓಮ್ ಕಡೆಗೂ ನೋಡಿ. ಮೊದಲು ಮೀಟರಿನ ಎರಡು ಮುಳ್ಳು ಒಂದಕ್ಕೊಂದು ಮುಟ್ಟಿಸಿ, ಬಂದ ಅಂಕಿಯನ್ನು ಆಮೇಲೆ ಕಳೆಯಿರಿ. 4 ಓಮಿನ ಸ್ಪೀಕರ್ ಸುಮಾರು 3.2 ರಿಂದ 3.8 ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ತೀಕ್ಷ್ಣ ಸದ್ದಿನ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಮಾತ್ರ ಬೇರೆ. ಅದರ ದಾರಿಯಲ್ಲಿ ಮೀಟರಿನ ಕರೆಂಟನ್ನು ತಡೆಯುವ ಕೆಪಾಸಿಟರ್ ಇರುವುದರಿಂದ ಮೀಟರ್ ಏನೂ ತೋರಿಸುವುದಿಲ್ಲ, ಅದನ್ನು ಸತ್ತಿದೆ ಅಂತ ಎಸೆಯಬೇಡಿ. ಇನ್ನು ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ ಮುಟ್ಟಿಸಿದಾಗ ಕೋನ್ ಹೊರಗೆ ಬರಬೇಕು. ಒಂದು ಕಡೆ ಹೊರಗೆ, ಇನ್ನೊಂದು ಕಡೆ ಒಳಗೆ ಹೋದರೆ ಒಂದರ ತಂತಿ ತಿರುಗಿದೆ. ಆಗ ಎರಡೂ ಹಾಡುತ್ತವೆ, ಬೇಸ್ ಮಾತ್ರ ಮಾಯ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಹೊಸ ಸ್ಪೀಕರ್ ಹಾಕಿಸಿದ ಮೇಲೆ "ಮೊದಲಿನಷ್ಟು ಗಟ್ಟಿ ಇಲ್ರಿ" ಅನ್ನುವವರ ಕಾರಿನಲ್ಲಿ ಮೊದಲು ಇದನ್ನೇ ನೋಡಿ. ಪ್ಯಾನೆಲ್ ವಾಪಸ್ ಹಾಕುವಾಗ ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ಅಂಟಿಸಿ. ಗಾಜಿನ ಸಂದಿನಿಂದ ಇಳಿಯುವ ಮಳೆ ನೀರನ್ನು ತಡೆಯುವುದೇ ಅದು.

ಸ್ಪೀಕರ್ ತಂತಿಯ ಬಗ್ಗೆ ಒಂದು ಗಟ್ಟಿ ಮಾತು ಹೇಳಬೇಕು. ಮೈನಸ್ ಅಂತ ಹೆಸರಿದೆ ಅಂತ ಅದನ್ನು ಬಾಡಿಗೆ ಕೂಡಿಸಬಾರದು. ಹಳೇ ಕಾಲದ ಕೆಲವು ಟೇಪುಗಳಲ್ಲಿ ಒಂದೇ ತಂತಿ ಎಳೆದು ಇನ್ನೊಂದನ್ನು ಬಾಡಿಗೆ ಕೊಡುತ್ತಿದ್ದರು, ಆ ಅಭ್ಯಾಸ ಕೆಲವರಲ್ಲಿ ಇನ್ನೂ ಇದೆ. ಈಗಿನ ಟೇಪುಗಳಲ್ಲಿ ಪ್ಲಸ್, ಮೈನಸ್ ಎರಡನ್ನೂ ಟೇಪೇ ಓಡಿಸುತ್ತದೆ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. 12 ವೋಲ್ಟಿನಲ್ಲೇ ಜಾಸ್ತಿ ಸದ್ದು ಬರಲಿ ಅಂತ ಈ ಉಪಾಯ. ಸುಮ್ಮನಿರುವಾಗ ಎರಡರಲ್ಲೂ ಸುಮಾರು 6 ವೋಲ್ಟ್ ಇರುತ್ತದೆ. ಅದನ್ನು ಬಾಡಿಗೆ ಮುಟ್ಟಿಸಿದರೆ ಒಳ್ಳೆ ಟೇಪ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ, ಅಗ್ಗದ್ದು ಒಳಗಿನ ಐಸಿ (ಸ್ಪೀಕರ್ ಓಡಿಸುವ ಚಿಪ್) ಸುಟ್ಟುಕೊಳ್ಳುತ್ತದೆ. ನಮ್ಮ ಓಣಿಯ ಒಬ್ಬ ಅಣ್ಣನ ಪಿಕಪ್‌ನಲ್ಲಿ ಜೋರು ಮಾಡಿದಾಗಲೆಲ್ಲ ಟೇಪ್ ಬಂದ್ ಆಗುತ್ತಿತ್ತು. ಸ್ಪೀಕರಿನ ಸ್ಕ್ರೂ ಒಂದು ತಂತಿಯ ಮೈ ಹೊಕ್ಕು ಬಾಡಿಗೆ ತಾಗಿತ್ತು. ನೆಲ್ಲಿನ ಚೀಲ ಹೇರಿದಾಗ ಜಾಸ್ತಿ ತಾಗುತ್ತಿತ್ತು.

ಸದ್ದಿನ ಜೊತೆ ಬೇಡದ ಸದ್ದು ಬಂದರೆ ಕಿವಿಗೊಟ್ಟು ಕೇಳಿ. ಆಕ್ಸಿಲರೇಟರ್ ಒತ್ತಿದ ಹಾಗೆ "ಕುಂಯ್" ಅನ್ನುವುದೂ ಏರಿದರೆ ಅದು ಆಲ್ಟರ್ನೇಟರಿನ ಸದ್ದು. ಹೆಚ್ಚಾಗಿ ಅರ್ಥ್ ಸರಿಯಿಲ್ಲದೆ ಒಳಗೆ ಬರುತ್ತದೆ. ಆಂಪ್ಲಿಫೈಯರ್ ಇದ್ದರೆ ಅದರ ಅರ್ಥನ್ನು ಹತ್ತಿರದಲ್ಲೇ, ಪೇಂಟ್ ಕೆರೆದ ಕಬ್ಬಿಣಕ್ಕೆ ಕೊಡಿ. ಸಿಗ್ನಲ್ ತಂತಿಯನ್ನು ಬ್ಯಾಟರಿ ತಂತಿಯ ಜೊತೆ ಕಟ್ಟಿ ಎಳೆಯಬೇಡಿ, ಕಾರಿನ ಒಂದೊಂದು ಬದಿಯಲ್ಲಿ ಒಂದೊಂದು ಹೋಗಲಿ. ಫೋನ್ ಚಾರ್ಜಿಗಿಟ್ಟು ಆಕ್ಸ್ ತಂತಿಯಲ್ಲಿ ಕೇಳುವಾಗ ಮಾತ್ರ ಬಂದರೆ ಚಾರ್ಜರ್ ಕಳಚಿ ನೋಡಿ. ಎಫ್ಎಂ ಕೊರ್ ಅಂದರೂ ಅಷ್ಟೇ, ಅಗ್ಗದ ಚಾರ್ಜರ್, ಎಲ್ಇಡಿ ಬಲ್ಬ್, ಡ್ಯಾಶ್‌ಕ್ಯಾಮ್ ಒಂದೊಂದನ್ನೇ ತೆಗೆದು ನೋಡಿ. ಹೊಸ ಟೇಪ್ ಹಾಕಿಸಿದ ಮೇಲೆ ರಾಯಚೂರು ಆಕಾಶವಾಣಿ ಸರಿಯಾಗಿ ಕೇಳುತ್ತಿಲ್ಲವಾ? ಮೇಲಿನ ಗಿಡ್ಡ ಆಂಟೆನಾದಲ್ಲಿ ಒಂದು ಸಣ್ಣ ಆಂಪ್ಲಿಫೈಯರ್ ಇರಬಹುದು. ಅದಕ್ಕೆ ಟೇಪಿನ ನೀಲಿ ತಂತಿಯಿಂದ 12 ವೋಲ್ಟ್ ಬೇಕು. ಫಿಟ್ ಮಾಡುವಾಗ ಆ ನೀಲಿ ತಂತಿಯನ್ನು ಮಡಚಿ ಹಾಗೇ ಬಿಟ್ಟಿರುತ್ತಾರೆ.

ನಮ್ಮ ಊರಿನ ಬಿಸಿಲಿಗೆ ಸ್ವಲ್ಪ ಬೇರೆ ಯೋಚನೆ ಬೇಕು. ಮೇ ತಿಂಗಳಲ್ಲಿ ಹೊರಗೇ 40 ದಾಟುತ್ತದೆ, ಗಾಜು ಹಾಕಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ಆ ಕಾವಿಗೆ ಇನ್ಸುಲೇಷನ್ ಟೇಪಿನ ಅಂಟು ಕರಗಿ ಜಾರುತ್ತದೆ, ತಿರುಚಿದ ಜೋಡಣೆ ಬರಿಮೈಯಲ್ಲಿ ನಿಲ್ಲುತ್ತದೆ. ತಂತಿಗೆ ಬೆಸುಗೆ ಹಾಕಿ, ಅದರ ಮೇಲೆ ಬಿಸಿ ಮಾಡಿದರೆ ಬಿಗಿಯುವ ಸ್ಲೀವ್ ಹಾಕಿ. ಮಧ್ಯಾಹ್ನ ಕಾರು ಹತ್ತಿದ ಕೂಡಲೇ ಟೇಪ್ ಹತ್ತದೆ, ಎಸಿ ಹಾಕಿದ ಹತ್ತು ನಿಮಿಷಕ್ಕೆ ಸರಿಯಾದರೆ ಅದು ಕಾವಿನ ತೊಂದರೆ, ಬಿಚ್ಚುವ ಅವಸರ ಬೇಡ. ಇನ್ನು ಇಲಿ. ಅಕ್ಕಿ ಗಿರಣಿ, ಗೋಡೌನ್, ಗದ್ದೆ ಪಕ್ಕ ಕಾರು ನಿಲ್ಲಿಸುವವರಿಗೆ ಇದನ್ನು ಹೇಳಬೇಕಿಲ್ಲ. ರಾತ್ರಿ ಕಳೆದು ಬೆಳಿಗ್ಗೆ ಒಂದು ಸ್ಪೀಕರ್ ಸುಮ್ಮನಾಗಿದ್ದರೆ ಕಾರ್ಪೆಟ್ ಎತ್ತಿ ಹಲ್ಲಿನ ಗುರುತು ಹುಡುಕಿ. ಅಲ್ಲಿ ಬ್ರೇಕ್, ಏರ್‌ಬ್ಯಾಗಿನ ತಂತಿಗೂ ಹಲ್ಲು ತಾಗಿದ್ದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಪೆನ್‌ಡ್ರೈವ್ ಓದುತ್ತಿಲ್ಲ ಅಂದರೆ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿ ನೋಡಿ, ಹಳೇ ಟೇಪುಗಳಿಗೆ ಬೇರೆಯದು ಹೆಚ್ಚಾಗಿ ತಿಳಿಯುವುದಿಲ್ಲ. ಬ್ಲೂಟೂತ್ ಕೂಡದಿದ್ದರೆ ಫೋನಿನಲ್ಲೂ ಟೇಪಿನಲ್ಲೂ ಹಳೇ ಹೆಸರು ಅಳಿಸಿ ಹೊಸದಾಗಿ ಕೂಡಿಸಿ.

ದೊಡ್ಡ ಲಾರಿ ಇರುವವರಿಗೆ ಒಂದು ಮಾತು. ಲಾರಿ 24 ವೋಲ್ಟ್, ಎರಡು ಬ್ಯಾಟರಿ ಸಾಲಾಗಿ. ಕಾರಿನ ಟೇಪ್ ಹಾಕಲು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುತ್ತಾರೆ. ಹಾಡೇನೋ ಬರುತ್ತದೆ. ಆದರೆ ಆ ಬ್ಯಾಟರಿ ದಿನಾ ಇಳಿಯುತ್ತದೆ, ಪಕ್ಕದ್ದಕ್ಕೆ ಚಾರ್ಜ್ ಜಾಸ್ತಿಯಾಗುತ್ತದೆ, ಎರಡೂ ಬೇಗ ಹಾಳಾಗುತ್ತವೆ. 24 ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಎರಡು ಬ್ಯಾಟರಿಯ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ.

ಹಳದಿ, ಕೆಂಪು, ಕಪ್ಪು ಮೂರೂ ಬಲ್ಬ್ ಚೆನ್ನಾಗಿ ಉರಿಸುತ್ತಿವೆ, ಸ್ಪೀಕರುಗಳು ಸೆಲ್ಲಿಗೆ ಟಪ್ ಅನ್ನುತ್ತಿವೆ, ಆದರೂ ಟೇಪ್ ಸುಮ್ಮನಿದೆ ಅಂದರೆ ಆಗ ತೊಂದರೆ ಪೆಟ್ಟಿಗೆಯ ಒಳಗೇ ಇದೆ. ಐಸಿ ಬದಲಾಯಿಸುವುದು ಅಭ್ಯಾಸ ಇಲ್ಲದವರ ಕೆಲಸವಲ್ಲ, ಅಂಗಡಿಗೆ ಒಯ್ಯಿರಿ. ಒಯ್ಯುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಹಳದಿಯಲ್ಲಿ 12.5, ಕೀ ಹಾಕಿದಾಗ ಕೆಂಪಿನಲ್ಲಿ 12.4, ನಾಲ್ಕೂ ಸ್ಪೀಕರ್ 3.6 ಓಮ್. ಹೋದ ತಿಂಗಳು ಸೋದರಮಾವ ತಮ್ಮ ಕಾರಿನ ಟೇಪಿಗೆ ಇಂಥದ್ದೇ ಚೀಟಿ ಹಿಡಿದು ಹೋದರು. ಅಂಗಡಿಯವರು ಅದನ್ನು ಓದಿ, ಸ್ಪೀಕರಿನ ಮಾತೇ ಎತ್ತದೆ ಸೀದಾ ಟೇಪಿನ ಮುಚ್ಚಳ ಬಿಚ್ಚಿದರಂತೆ.